ಅಕ್ಕನ ಮನೆಗೆ ಕಳಿಸಿದ ಅರ್ಧ ಸೂಪು

ಪರದೆ ಚಿಕ್ಕಮ್ಮನಿಗೆ ಸಿಟ್ಟು ಬರಲು ಕಾರಣವೇ ಬೇಕಿಲ್ಲ ಎಂದು ಅವಳ ಬೀದಿಯ ಜನ ಹೇಳುತ್ತಾರೆ. ಅಪ್ಪಟ ಸುಳ್ಳು. ಕಾರಣವಿಲ್ಲದೆ ಅವಳು ಯಾವತ್ತೂ ಸಿಟ್ಟಾದವಳಲ್ಲ. ಬೇರೆಯವರಿಗೆ ಕಾಣದ ಕಾರಣಗಳು ಅವಳಿಗೆ ಬೇಗ ಕಾಣುತ್ತವೆ, ಅಷ್ಟೇ. ಬಸ್ಸಿನಲ್ಲಿ ಕಿಟಕಿ ಪಕ್ಕ ತಮ್ಮ ಚೀಲವನ್ನು ಕೂರಿಸಿ ನಿಂತವರ ಮುಖ ನೋಡದೆ ಕೂರುವವರು, ದಾರವನ್ನು ಕತ್ತರಿಯಿಂದ ಕತ್ತರಿಸುವ ಬದಲು ಹಲ್ಲಿನಿಂದ ಕಚ್ಚಿ ಎಳೆಯುವವರು, ಅಂಗಡಿಯ ಬಟ್ಟೆಯ ಥಾನುಗಳನ್ನೆಲ್ಲ ಬಿಚ್ಚಿಸಿ ಕೊನೆಗೆ "ಸುಮ್ನೆ ನೋಡೋಣ ಅಂತ ಬಂದ್ವಿ" ಎನ್ನುವವರು. ಇವರನ್ನೆಲ್ಲ ನೋಡಿಯೂ ಸಿಟ್ಟು ಬಾರದವರ ಮೈಯಲ್ಲಿ ರಕ್ತವಿದೆಯೋ ನೀರಿದೆಯೋ ಎಂದು ಅವಳಿಗೆ ಅನುಮಾನ. ಹೇಳಬೇಕೆಂದರೆ ನನಗೂ ಅನುಮಾನವೇ.

ಅವಳ ಕಸುಬು ಒಂದು ಬಟ್ಟೆ ಅಂಗಡಿಯಲ್ಲಿ ಪರದೆ ಹೊಲಿಯುವುದು. ಅದಕ್ಕೇ ಆ ಹೆಸರು. ಬೀದಿಯ ಮಕ್ಕಳೆಲ್ಲ ಚಿಕ್ಕಮ್ಮ ಎಂದರು, ಮಕ್ಕಳ ಅಪ್ಪ ಅಮ್ಮಂದಿರೂ ಚಿಕ್ಕಮ್ಮ ಎಂದರು, ಈಗ ಅಂಗಡಿಯ ಯಜಮಾನನೂ ಹಾಗೆಯೇ ಕರೆಯುತ್ತಾನೆ. ಅವಳ ಕೆಲಸದಲ್ಲೊಂದು ಪದ್ಧತಿಯಿದೆ. ಪರದೆಯ ಕೆಳಗಿನ ಅಂಚನ್ನು ಅವಳು ಅಂಗಡಿಯಲ್ಲಿ ಹೊಲಿದು ಮುಗಿಸುವುದಿಲ್ಲ. ಭಾರದ ಬಟ್ಟೆ ಕಿಟಕಿಗೆ ಏರಿದ ಮೇಲೆ ತನ್ನ ತೂಕಕ್ಕೆ ತಾನೇ ಒಂದಿಷ್ಟು ಇಳಿಯುತ್ತದೆ. ಮೊದಲೇ ಅಂಚು ಹೊಲಿದುಬಿಟ್ಟರೆ ಪರದೆ ನೆಲ ಗುಡಿಸುತ್ತದೆ. ಹಾಗಾಗಿ ಕಚ್ಚಾ ಹೊಲಿಗೆ ಹಾಕಿ ಕಳಿಸುತ್ತಾಳೆ. ನಾಲ್ಕು ದಿನ ತೂಗಿದ ಮೇಲೆ ಅವರ ಮನೆಗೇ ಹೋಗಿ, ನೆಲದ ಮೇಲೆ ಕೂತು, ಕೊನೆಯ ಹೊಲಿಗೆ ಅಲ್ಲೇ ಹಾಕುತ್ತಾಳೆ. "ಮುಗಿಸೋದು ತೂಗೋ ಜಾಗದಲ್ಲೇ" ಎನ್ನುವುದು ಅವಳ ಮಾತು. ಇದನ್ನು ಅರ್ಥ ಮಾಡಿಕೊಳ್ಳದೆ, ಕರೆದು ಹೊಲಿಸಿಕೊಳ್ಳದೆ, ಕಚ್ಚಾ ಹೊಲಿಗೆಯಲ್ಲೇ ವರ್ಷ ಕಳೆದು, ಆಮೇಲೆ "ನಿಮ್ಮ ಹೊಲಿಗೆ ಬಿಟ್ಕೊಳ್ತಾ ಇದೆ" ಎಂದು ದೂರು ತಂದ ಒಬ್ಬ ಗಿರಾಕಿಯನ್ನು ಅವಳು ಅಂಗಡಿಯ ಮೆಟ್ಟಿಲಿನವರೆಗೂ ಬೈದು ಕಳಿಸಿದ್ದಳು. ಯಜಮಾನ ಗಲ್ಲಾಪೆಟ್ಟಿಗೆಯ ಹಿಂದೆ ಬಗ್ಗಿ ಕೂತು ಏನೋ ಹುಡುಕುವ ಹಾಗೆ ನಟಿಸಿದ್ದ.

ಅಡಿಗೆಯಲ್ಲೂ ಅವಳದು ಇದೇ ಪದ್ಧತಿ. ಬೀಗ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ ಒಬ್ಬಳೇ ಇರುವವಳು. ಒಬ್ಬಳಿಗೋಸ್ಕರ ದಿನವೂ ಒಲೆ ಹಚ್ಚುವುದು ಅವಳಿಗೆ ಆಗದ ಮಾತು. ರಜೆಯ ದಿನ ದೊಡ್ಡ ಪಾತ್ರೆಯಲ್ಲಿ ಸೂಪು ಮಾಡಿ ಫ್ರೀಜರಿಗೆ ಹಾಕಿದರೆ ವಾರ ಕಳೆಯುತ್ತದೆ. ಇದನ್ನು ಕಲಿಯಲು ಅವಳು ಕಡಿಮೆ ಪಾಡು ಪಟ್ಟಿಲ್ಲ. ಮೊದಲ ಸಲ ಗಾಜಿನ ಬಾಟಲಿಗೆ ಕಂಠಪೂರ್ತಿ ತುಂಬಿಸಿಟ್ಟು, ಸೂಪು ಹೆಪ್ಪುಗಟ್ಟಿ ಉಬ್ಬಿ, ಬಾಟಲಿ ಸೀಳಿ, ಬಟಾಣಿಯ ಜೊತೆ ಗಾಜನ್ನೂ ಬಾಚಿ ಎಸೆದಿದ್ದಳು. ಆಲೂಗಡ್ಡೆ ಹಾಕಿಟ್ಟಾಗ ಅದು ಒದ್ದೆ ಮರಳಿನ ಹಾಗಾಗಿತ್ತು. ಹಾಲು ಹಾಕಿಟ್ಟಾಗ ಒಡೆದು ಎರಡು ಭಾಗವಾಗಿತ್ತು. ಬಿಸಿಬಿಸಿಯಾಗಿಯೇ ಒಳಗಿಟ್ಟಾಗ ಪಕ್ಕದಲ್ಲಿದ್ದದ್ದೆಲ್ಲ ಬೆವರಿ ಕರಗಿ, ಮೇಲೆ ಮಂಜಿನ ಪುಡಿ ಕೂತಿತ್ತು. ಪ್ರತಿ ಸಲವೂ ಫ್ರಿಜ್ಜಿಗೇ ಬೈದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ.

ಬೈಯುತ್ತಲೇ ಕಲಿತಳು. ಈಗ ತರಕಾರಿಯನ್ನು ಇನ್ನೇನು ಬೆಂದಿತು ಅನ್ನುವಾಗಲೇ ಇಳಿಸುತ್ತಾಳೆ, ಮತ್ತೆ ಬಿಸಿ ಮಾಡುವಾಗ ಉಳಿದದ್ದು ಬೇಯುತ್ತದೆ. ನೀರು ಕಡಿಮೆ, ಸೂಪು ಗಟ್ಟಿ. ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು ಕೈಯಾಡಿಸಿ ಆರಿಸುತ್ತಾಳೆ. ಒಂದು ಊಟಕ್ಕೆ ಒಂದು ಚೀಲ. ದಪ್ಪ ಪ್ಲಾಸ್ಟಿಕ್ ಚೀಲದಿಂದ ಗಾಳಿಯನ್ನೆಲ್ಲ ಒತ್ತಿ ತೆಗೆದು, ತಟ್ಟೆಯ ಮೇಲೆ ಚಪ್ಪಟೆಯಾಗಿ ಮಲಗಿಸಿ, ಗಟ್ಟಿಯಾದ ಮೇಲೆ ಮಡಿಸಿದ ಬಟ್ಟೆಗಳ ಹಾಗೆ ಸಾಲಾಗಿ ನಿಲ್ಲಿಸುತ್ತಾಳೆ. ಮುಖ್ಯವಾದದ್ದೆಂದರೆ, ಅವಳು ಫ್ರೀಜರಿಗಿಡುವುದು ಅರ್ಧ ಸೂಪು. ಉಪ್ಪು, ಮೆಣಸಿನ ಪುಡಿ, ಬೆಣ್ಣೆ, ನಿಂಬೆರಸ, ಸೊಪ್ಪು ಇವೆಲ್ಲ ಉಣ್ಣುವ ಮನೆಯಲ್ಲಿ, ಉಣ್ಣುವ ಹೊತ್ತಿಗೆ. ಹಾಗೆ ಮಾಡಿದರೆ ಅದು ಫ್ರೀಜರಿನಿಂದ ಬಂದದ್ದು ಎಂದು ಹುಟ್ಟಿಸಿದವನಿಗೂ ಗೊತ್ತಾಗುವುದಿಲ್ಲ.

ಇನ್ನು ಅಕ್ಕನ ವಿಷಯ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅನ್ನುತ್ತಾರೆ. ಪರದೆ ಚಿಕ್ಕಮ್ಮನಿಗೆ ತಾಯಿಯ ಮುಖವೇ ನೆನಪಿಲ್ಲ. ತಲೆ ಬಾಚಿದವಳು, ಶಾಲೆಗೆ ಕರೆದುಕೊಂಡು ಹೋದವಳು, ಜ್ವರ ಬಂದಾಗ ಪಕ್ಕ ಕೂತವಳು ಎಲ್ಲ ಅಕ್ಕನೇ. ಆ ಅಕ್ಕನಿಗೆ ದವಡೆಯಲ್ಲೊಂದು ಗಂಟು ಬಂತು. ಆಪರೇಷನ್ ಆಯಿತು. ಗಂಟು ಕೆಟ್ಟದ್ದಲ್ಲ ಎಂದು ರಿಪೋರ್ಟೂ ಬಂತು. ಎಲ್ಲರೂ ಉಸ್ಸೆಂದರು. ಆದರೆ ತುಟಿಯ ಒಂದು ಬದಿ ಮರಗಟ್ಟಿತು, ಅಗಿಯುವುದು ಸದ್ಯಕ್ಕೆ ಆಗದು, ಸೋಸಿದ ಸೂಪೇ ಗತಿ ಎಂದಾಯಿತು. ತುಟಿಯ ಆ ಬದಿಯಿಂದ ಸೂಪು ಇಳಿದು ಗದ್ದದ ಮೇಲೆ ಹರಿಯುತ್ತಿತ್ತು, ಅಕ್ಕನಿಗೆ ಗೊತ್ತೇ ಆಗುತ್ತಿರಲಿಲ್ಲ. ಒಮ್ಮೆ ಕನ್ನಡಿಯಲ್ಲಿ ನೋಡಿಕೊಂಡವಳು ಆವತ್ತಿನಿಂದ ಯಾರೆದುರಿಗೂ ಉಣ್ಣಲಿಲ್ಲ. ಲೋಟ ತೆಗೆದುಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಗಂಡನಿಗೂ ಪ್ರವೇಶವಿಲ್ಲ, ತಂಗಿಗೂ ಇಲ್ಲ.

ಎರಡು ಬಸ್ಸು ಬದಲಿಸಿ ಹೋಗಬೇಕಾದ ಮನೆ. ಪರದೆ ಚಿಕ್ಕಮ್ಮ ಪ್ರತಿ ರಜೆಗೂ ಹೆಪ್ಪುಗಟ್ಟಿದ ಚೀಲಗಳನ್ನು ದಪ್ಪ ಬಟ್ಟೆಯ ತುಂಡುಗಳಲ್ಲಿ ಸುತ್ತಿಕೊಂಡು ಹೋಗಿ ಅಕ್ಕನ ಫ್ರೀಜರು ತುಂಬಿಸಿ ಬರುತ್ತಿದ್ದಳು. ಬಿಸಿ ಮಾಡಿಕೊಡುವುದು ಭಾವನ ಕೆಲಸ. ಅವರಿಗೆ ಎಲ್ಲ ಬಿಡಿಸಿ ಹೇಳಿದ್ದಳು. ಹಿಂದಿನ ದಿನವೇ ಫ್ರಿಜ್ಜಿನ ಕೆಳಗಿನ ಖಾನೆಗಿಡಿ, ಬಿಸಿನೀರು ಸೇರಿಸಿ ತೆಳ್ಳಗೆ ಮಾಡಿ, ಕುದಿ ಬಂದ ಮೇಲೆ ಉಪ್ಪು, ಇಳಿಸಿದ ಮೇಲೆ ಬೆಣ್ಣೆ, ಕೊನೆಗೆ ನಿಂಬೆರಸ. ಭಾವ ಕೋಲೆಬಸವನ ಹಾಗೆ ತಲೆಯಾಡಿಸಿದ್ದರು.

ದಿನವೂ ಸಂಜೆ ಫೋನು. "ತಿಂದ್ಯಾ ಅಕ್ಕಾ?"

"ತಿಂದೆ."

ಆದರೆ ಅಕ್ಕ ದಿನದಿನಕ್ಕೆ ಇಳಿಯುತ್ತಿದ್ದಳು. ಕೊರಳಿನ ಮೂಳೆ ಕಾಣಿಸತೊಡಗಿತು. ಲೋಟಗಳು ಅರ್ಧ ಖಾಲಿಯಾಗಿ ಹೊರಗೆ ಬರುತ್ತಿದ್ದವು, ಆಮೇಲೆ ಮುಟ್ಟದ ಹಾಗೇ ಬಂದವು. ಆಸ್ಪತ್ರೆಯಲ್ಲಿ ಡಾಕ್ಟರು "ರುಚಿ ಗೊತ್ತಾಗುತ್ತಾ?" ಎಂದು ಕೇಳಿದಾಗ ಅಕ್ಕ ಇಲ್ಲವೆಂದು ತಲೆಯಾಡಿಸಿದಳು. ಕೆಲವರಿಗೆ ಹಾಗಾಗುತ್ತದೆ, ವಾಪಸು ಬರಬಹುದು, ಬಾರದೆಯೂ ಇರಬಹುದು ಎಂದು ಅವರು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಹೇಳಿದರು. ಮುಂದಿನ ಸಲ ಬರುವ ಹೊತ್ತಿಗೆ ತೂಕ ಹೀಗೇ ಇದ್ದರೆ ಮೂಗಿನಿಂದ ನಳಿಕೆ ಹಾಕಿ ಆಹಾರ ಕೊಡಬೇಕಾಗುತ್ತದೆ ಎಂದರು. ಹೊರಗೆ ಬಂದ ಮೇಲೆ ಅಕ್ಕ, "ನಳಿಕೆ ಹಾಕಿಸ್ಕೊಳಲ್ಲ. ಇಷ್ಟೇ ಸಾಕು" ಎಂದಳಂತೆ. ಯಾವುದು ಇಷ್ಟೇ ಸಾಕು ಎಂದು ಕೇಳುವ ಧೈರ್ಯ ಭಾವನಿಗೆ ಆಗಲಿಲ್ಲ.

ಅದರ ಮೇಲೆ ಭಾವನ ತಂಗಿಯ ಫೋನು ಬಂತು, ಪರದೆ ಚಿಕ್ಕಮ್ಮ ಅಂಗಡಿಯಲ್ಲಿ ಮಿಷಿನ್ನಿನ ಮುಂದೆ ಇರುವಾಗ.

"ತಪ್ಪು ತಿಳ್ಕೋಬೇಡಿ," ಎಂದು ಶುರು ಮಾಡಿದಳು ಆಕೆ. ಹಾಗೆ ಶುರುವಾಗುವ ಮಾತಿನಲ್ಲಿ ಸರಿ ತಿಳಿದುಕೊಳ್ಳುವಂಥದ್ದು ಏನೂ ಇರುವುದಿಲ್ಲ. "ಅಲ್ರೀ, ಐಸ್ ಮಾಡಿಟ್ಟ ಸೂಪಲ್ಲಿ ಸತ್ವ ಎಲ್ಲಿರುತ್ತೆ? ಹಳಸಲು ತಾನೇ ಅದು? ನಿಮ್ಮಕ್ಕ ಪಾಪ, ನಿಮ್ಮ ಮನಸ್ಸು ನೋಯಿಸ್ಬಾರ್ದು ಅಂತ ಬಾಯಿ ಬಿಡ್ತಿಲ್ಲ."

ಪರದೆ ಚಿಕ್ಕಮ್ಮನಿಗೆ ಮೈಯೆಲ್ಲ ಉರಿದುಹೋಯಿತು. "ನೀವು ಒಂದ್ ಹೊತ್ತಾದ್ರೂ ಬಿಸಿಬಿಸಿಯಾಗಿ ಮಾಡಿ ತಂದ್ಕೊಟ್ಟಿದ್ರೆ ಈ ಮಾತು ಕೇಳ್ತಿದ್ದೆ. ಹಳಸಲಂತೆ! ಬಾಯಲ್ಲಿ ಊಟ ಬಡಿಸೋರು ಬಹಳ ಜನ ಇದಾರೆ ನಮ್ಮ ಮನೇಲಿ!" ಎಂದು ಫೋನು ಇಟ್ಟಳು. ಸೂಜಿ ಒಂದು ಗೇಣು ಅಡ್ಡಾದಿಡ್ಡಿ ಓಡಿತ್ತು. ಅಷ್ಟನ್ನೂ ಬಿಚ್ಚಬೇಕಾಯಿತು.

ಆದರೂ ಮಾತು ಮುಳ್ಳಿನಂತೆ ಒಳಗೆ ಕೂತಿತು. ಮನೆಗೆ ಬಂದವಳೇ ಫ್ರೀಜರಿನಿಂದ ಒಂದು ಚೀಲ ತೆಗೆದಳು. ಅಕ್ಕನಿಗೆ ಕಳಿಸಿದ್ದ ಅದೇ ಪಾತ್ರೆಯ ಕುಂಬಳಕಾಯಿ ಕ್ಯಾರೆಟ್ ಸೂಪು. ಕರಗಿಸಿ ಬಿಸಿ ಮಾಡಿದಳು. ಉಪ್ಪು, ಮೆಣಸು, ಬೆಣ್ಣೆ ಹಾಕಿದಳು, ನಿಂಬೆ ಹಿಂಡಿದಳು. ನಿಂತಲ್ಲೇ ಒಂದು ಚಮಚ ಬಾಯಿಗಿಟ್ಟಳು. ಆಹಾ ಅನ್ನುವ ಹಾಗಿತ್ತು. ಕುಂಬಳದ ಸಿಹಿ ಅದರದೇ, ಕ್ಯಾರೆಟ್ಟಿನ ಘಮ ಅದರದೇ, ಒಂದಕ್ಕೂ ಒಂದು ಕೂದಲಿನಷ್ಟು ಕುಂದಿಲ್ಲ. "ಹಳಸಲಂತೆ! ಬರ್ಲಿ ಇಲ್ಲಿ, ಕುಡಿದು ಹೇಳ್ಲಿ!" ಎಂದು ಒಲೆಗೆ ಹೇಳಿದಳು.

ಎರಡನೇ ಚಮಚ ಬಾಯಿಗೆ ಹೋಗುವ ಮೊದಲೇ ಅವಳಿಗೆ ಇನ್ನೊಂದು ಹೊಳೆಯಿತು. ಸೂಪು ಸರಿಯಾಗಿದೆ ಅಂದರೆ ಕೆಟ್ಟಿರುವುದು ಅಕ್ಕನ ನಾಲಿಗೆಯೇ. ಭಾವನ ತಂಗಿ ಹೇಳಿದ್ದು ನಿಜವಾಗಿದ್ದರೆ ಎಷ್ಟು ಒಳ್ಳೆಯದಿತ್ತು! ನಾಳೆಯಿಂದ ಬೇರೆ ಮಾಡಿ ಕೊಡಬಹುದಿತ್ತು. ವಾದ ಗೆದ್ದು ಇಷ್ಟು ಸಂಕಟ ಪಟ್ಟದ್ದು ಅವಳಿಗೆ ಅದೇ ಮೊದಲು. ಚಮಚವನ್ನು ಪಾತ್ರೆ ತೊಳೆಯುವ ತೊಟ್ಟಿಗೆ ಎಸೆದು ಅಲ್ಲೇ ಕುಕ್ಕರಿಸಿ ಅತ್ತಳು. ಅಳುತ್ತಲೇ ಡಾಕ್ಟರಿಗೆ ಬೈದಳು, ಗಂಟಿಗೆ ಬೈದಳು, ಬರಬಹುದು ಬಾರದಿರಬಹುದು ಅನ್ನುವ ಮಾತಿಗೆ ಬೈದಳು.

ಮರುದಿನ ಅಂಗಡಿಗೆ ಬಂದು ಕೂತಳು. ಕೂರಲಾಗಲಿಲ್ಲ. ಅರ್ಧ ಹೊಲಿದ ಪರದೆಯನ್ನು ಮಿಷಿನ್ನಿನ ಮೇಲೇ ಬಿಟ್ಟು ಚೀಲ ಹೆಗಲಿಗೇರಿಸಿದಳು.

"ಎಲ್ಲಿಗೆ ಚಿಕ್ಕಮ್ಮಾ?" ಎಂದ ಯಜಮಾನ.

"ಜಗಳಕ್ಕೆ."

"ಯಾರ ಜೊತೆ?"

"ಅಲ್ಲಿಗೆ ಹೋದ್ಮೇಲೆ ಗೊತ್ತಾಗುತ್ತೆ."

ಅಕ್ಕನ ಮನೆ ತಲುಪಿದಾಗ ಮಧ್ಯಾಹ್ನದ ಊಟದ ಹೊತ್ತು. ಅಡಿಗೆಮನೆಯಲ್ಲಿ ಭಾವ ಒಲೆಯ ಮುಂದೆ ನೆಟ್ಟಗೆ ನಿಂತಿದ್ದರು. ಬಸ್ ನಿಲ್ದಾಣದಲ್ಲಿ ಟೈಮ್ ಕೀಪರ್ ಆಗಿದ್ದವರು, ನಿವೃತ್ತರಾದರೂ ನಿಲ್ಲುವ ಭಂಗಿ ಬದಲಾಗಿಲ್ಲ. ಅವರ ಬಗ್ಗೆ ಒಂದು ಕತೆಯೇ ಇದೆ. ಒಂದು ಸೇತುವೆ ಬಿರುಕು ಬಿಟ್ಟಾಗ ಬಸ್ಸುಗಳನ್ನು ಸುತ್ತು ದಾರಿಯಲ್ಲಿ ಕಳಿಸಿ ಎಂದು ಮೇಲಿನಿಂದ ಆದೇಶ ಬಂದಿತ್ತು. ಸೇತುವೆ ರಿಪೇರಿಯಾಗಿ ಲಾರಿಗಳೆಲ್ಲ ಓಡಾಡಿದರೂ ಇವರು ಬಸ್ಸುಗಳನ್ನು ಸುತ್ತು ದಾರಿಯಲ್ಲೇ ಕಳಿಸುತ್ತಿದ್ದರು. ಮೇಲಿನಿಂದ ಬಂದ ಮಾತು ಮೇಲಿನಿಂದಲೇ ವಾಪಸಾಗಬೇಕು ಎಂಬುದು ಅವರ ನಿಯಮ.

ಪರದೆ ಚಿಕ್ಕಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಚೀಲ ಕತ್ತರಿಸಿ ಸೂಪನ್ನು ಪಾತ್ರೆಗೆ ಸುರಿದರು. ಧಾರಾಳವಾಗಿ ಬಿಸಿನೀರು ಸೇರಿಸಿದರು. ಕುದಿಸಿದರು. ಸೋಸಿದರು. ಲೋಟಕ್ಕೆ ಬಗ್ಗಿಸಿದರು. ಲೋಟದ ಅಂಚನ್ನು ಬಟ್ಟೆಯಿಂದ ಚೊಕ್ಕಟವಾಗಿ ಒರೆಸಿದರು. ಆಮೇಲೆ ಲೋಟ ಎತ್ತಿಕೊಂಡು ಅಕ್ಕನ ಕೋಣೆಯ ಕಡೆ ತಿರುಗಿದರು.

"ಭಾವಾ, ಉಪ್ಪು?"

"ಇಲ್ಲಮ್ಮ," ಎಂದರು ಭಾವ ಸಮಾಧಾನವಾಗಿ. "ಉಪ್ಪು ಹಾಕಲ್ಲ."

"ಇವತ್ತು ಹಾಕಿಲ್ವೋ, ಯಾವತ್ತೂ ಹಾಕಿಲ್ವೋ?"

"ಯಾವತ್ತೂ ಇಲ್ಲ. ಉಪ್ಪು, ಹುಳಿ, ಖಾರ ಮೂರೂ ಬೇಡ ಅಂದಿದಾರೆ ಡಾಕ್ಟರು. ಆಪರೇಷನ್ ಆದ ಮಾರನೇ ದಿನ, ಅವಳ ಎದುರಿಗೇ ಹೇಳಿದ್ರು. ಬೆಣ್ಣೆ ಅಂತ ಬಿಡಿಸಿ ಹೇಳ್ಲಿಲ್ಲ. ನಾನೇ ಯಾಕೆ ಬೇಕು ಅಂತ ಬಿಟ್ಟೆ."

ಪರದೆ ಚಿಕ್ಕಮ್ಮ ಅವರ ಕೈಯಿಂದ ಲೋಟ ಕಿತ್ತುಕೊಂಡು ಒಂದು ಗುಟುಕು ಕುಡಿದಳು. ಕುಂಬಳಕಾಯಿ ತೊಳೆದ ನೀರು. ಅವಳು ಹೇಳಿಕೊಟ್ಟದ್ದರಲ್ಲಿ ಭಾವ ಚಾಚೂ ತಪ್ಪದೆ ಮಾಡಿದ್ದು ನೀರು ಸೇರಿಸುವುದೊಂದನ್ನೇ.

"ಮಾರನೇ ದಿನ ಅವಳಿಗೆ ಮದ್ದಿನ ಮತ್ತು ಇಳಿದಿತ್ತಾ? ಯಾರು ಬಂದ್ರು ಯಾರು ಹೋದ್ರು ಅಂತ ಗೊತ್ತಿತ್ತಾ ಅವಳಿಗೆ? ಅದೇನು ಜನ್ಮಕ್ಕೆಲ್ಲ ಹೇಳಿದ್ದಾ? ಆಮೇಲೆ ಇಷ್ಟು ಸಲ ಆಸ್ಪತ್ರೆಗೆ ಹೋದ್ರಲ್ಲ, ಒಂದ್ ಮಾತು ಕೇಳೋಕಾಗ್ಲಿಲ್ವಾ?"

"ಅವರೇ ಹೇಳ್ಬೇಕಲ್ಲಮ್ಮ? ಬೇಡ ಅಂದೋರು ಅವರು, ಹಾಕಿ ಅನ್ನೋರೂ ಅವರೇ."

"ರುಚಿ ಗೊತ್ತಾಗುತ್ತಾ ಅಂತ ಡಾಕ್ಟರು ಕೇಳ್ದಾಗ ಪಕ್ಕದಲ್ಲೇ ಇದ್ರಲ್ಲ! ಉಪ್ಪೇ ಹಾಕಿಲ್ಲ ಸ್ವಾಮಿ ಅನ್ನೋಕೆ ಬಾಯಿಗೆ ಏನು ಬೀಗ ಹಾಕಿತ್ತಾ?"

"ಉಪ್ಪು ಬೇಡ ಅಂದೋರಿಗೆ ಉಪ್ಪು ಹಾಕಿಲ್ಲ ಅನ್ನೋದು ಗೊತ್ತಿರಲ್ವಾ?" ಎಂದರು ಭಾವ. ಆಮೇಲೆ ದನಿ ತಗ್ಗಿತು. "ನಾನೂ ಬಿಟ್ಟಿದೀನಮ್ಮ. ಅವಳಿಗಿಲ್ದಿರೋ ಉಪ್ಪು ನನಗ್ಯಾಕೆ ಅಂತ. ಇಷ್ಟು ದಿನ ನಾನೂ ಅವಳು ತಿಂದದ್ದನ್ನೇ ತಿಂದಿದೀನಿ."

ಆಗ ನೋಡಿ, ಪರದೆ ಚಿಕ್ಕಮ್ಮನಿಗೆ ನಿಜವಾದ ಸಿಟ್ಟು ಬಂದದ್ದು. ಕೆಟ್ಟವರಾಗಿದ್ದರೆ ಬೈದು ಕೈ ತೊಳೆದುಕೊಳ್ಳಬಹುದಿತ್ತು. ಈ ಮನುಷ್ಯ ಒಳ್ಳೆಯವರು. ಹೆಂಡತಿಗಾಗಿ ಉಪ್ಪು ಬಿಟ್ಟವರು, ಲೋಟದ ಅಂಚು ಒರೆಸಿ ಕೊಡುವವರು. ಒಳ್ಳೆಯತನದಿಂದಲೇ ಹೆಂಡತಿಯನ್ನು ನಳಿಕೆಯವರೆಗೆ ತಂದು ನಿಲ್ಲಿಸಿದ್ದಾರೆ. ಇಂಥವರಿಗೆ ಏನೆಂದು ಬೈಯುವುದು? ಬೈದರೂ ಅದು ಎಲ್ಲಿ ತಾಗುತ್ತದೆ?

"ಫೋನ್ ಮಾಡಿ ಆಸ್ಪತ್ರೆಗೆ. ಈಗ್ಲೇ. ನನ್ ಎದುರಿಗೆ."

ವಾರ್ಡಿನ ನರ್ಸು ಫೋನು ತೆಗೆದಳು. ಪರದೆ ಚಿಕ್ಕಮ್ಮ ಸ್ಪೀಕರ್ ಒತ್ತಿಸಿದಳು. ಭಾವ ಅಕ್ಕನ ಹೆಸರು ಹೇಳಿ, ಉಪ್ಪು ಹುಳಿಯ ವಿಷಯ ವಿನಯದಿಂದ ಕೇಳಿದರು. "ಅಯ್ಯೋ, ಅದು ಬಾಯೊಳಗಿನ ಹೊಲಿಗೆ ಆರೋವರೆಗೆ ಅಷ್ಟೇ ಸರ್," ಎಂದಳು ನರ್ಸು. ಒಂದು ನಿಮಿಷ ತಡೆದು, ಡಾಕ್ಟರನ್ನೂ ಕೇಳಿ ಬಂದಳು. "ಹೊಲಿಗೆ ತೆಗೆದು ಎಷ್ಟೋ ದಿನ ಆಯ್ತಲ್ಲ, ಎಲ್ಲ ಕೊಡಿ ಅಂದ್ರು. ಖಾರ ಮಾತ್ರ ಉರಿದ್ರೆ ಕಮ್ಮಿ ಮಾಡಿ. ಇಷ್ಟು ದಿನ ಕೊಟ್ಟಿಲ್ವಾ?"

ಭಾವ ಫೋನನ್ನು ಮೇಜಿನ ಮೇಲಿಟ್ಟು ಸ್ಟೂಲಿನ ಮೇಲೆ ಕೂತುಬಿಟ್ಟರು.

ಪರದೆ ಚಿಕ್ಕಮ್ಮ ಅಕ್ಕನ ಫ್ರೀಜರಿನಿಂದ ಇನ್ನೊಂದು ಚೀಲ ತೆಗೆದು, ಸೂಪನ್ನು ಪಾತ್ರೆಗೆ ಹಾಕಿ ಒಲೆಗೇರಿಸಿದಳು. ಪಾತ್ರೆ ಕುಕ್ಕಿದಳು, ಡಬ್ಬಿಗಳ ಮುಚ್ಚಳ ಎಗರಿಸಿದಳು, ನಿಂಬೆಹಣ್ಣನ್ನು ಕತ್ತರಿಸುವ ಬದಲು ಕಡಿದಳು. ಆದರೆ ಉಪ್ಪನ್ನು ಮಾತ್ರ ಒಂದೊಂದೇ ಚಿಟಿಕೆ ಹಾಕಿದಳು. ಇದಕ್ಕೂ ರುಚಿ ಗೊತ್ತಾಗದಿದ್ದರೆ? ಆಮೇಲೆ ಬೈಯಲು ಯಾರೂ ಉಳಿಯುವುದಿಲ್ಲ. ಬೆಣ್ಣೆ ಕರಗಿತು. ಲೋಟಕ್ಕೆ ಬಗ್ಗಿಸಿ, ಏನೂ ಹೇಳದೆ, ಭಾವನ ಕೈಯಲ್ಲೇ ಕಳಿಸಿದಳು. ಬಾಗಿಲು ಸ್ವಲ್ಪ ತೆರೆಯಿತು, ಲೋಟ ಒಳಗೆ ಹೋಯಿತು, ಬಾಗಿಲು ಮುಚ್ಚಿತು.

ಇಬ್ಬರೂ ಹೊರಗೆ ಗೋಡೆಗೊರಗಿ ನಿಂತರು. ಒಳಗಿನಿಂದ ಸದ್ದಿಲ್ಲ. ಚಮಚದ ಸದ್ದು ಒಂದು ಸಲ ಕೇಳಿ ನಿಂತಿತು. ಭಾವ ಕಣ್ಣು ಮುಚ್ಚಿಕೊಂಡರು. ಪರದೆ ಚಿಕ್ಕಮ್ಮ ಉಗುರು ಕಚ್ಚಿದಳು. ಮತ್ತೆ ಚಮಚದ ಸದ್ದು, ಬೇಗ ಬೇಗ, ಲೋಟದ ತಳ ಕೆರೆಯುವ ಸದ್ದು.

ಬಾಗಿಲು ಧಡಾರನೆ ತೆರೆಯಿತು. ಅಕ್ಕ ನಿಂತಿದ್ದಳು. ಗದ್ದದಿಂದ ಕೊರಳಿನವರೆಗೆ ಸೂಪು ಹರಿದಿತ್ತು. ಖಾಲಿ ಲೋಟ ಕೈಯಲ್ಲಿತ್ತು.

"ಇದ್ಯಾರು ಮಾಡಿದ್ದು?" ಮರಗಟ್ಟಿದ ತುಟಿಯಿಂದ ಮಾತು ತೊದಲುತ್ತಿತ್ತು, ಆದರೆ ದನಿ ಹಳೆಯ ಅಕ್ಕನದೇ. "ಇದ್ರಲ್ಲಿ ಉಪ್ಪಿದೆ. ಹುಳಿ ಇದೆ. ನನಗೆ ಗೊತ್ತಾಗ್ತಿದೆ. ಹಾಗಿದ್ರೆ ಇಷ್ಟು ದಿನ ಏನ್ ಕೊಡ್ತಿದ್ರಿ ನನಗೆ?"

ಭಾವ ಹೇಳಿದರು. ಡಾಕ್ಟರು, ಮಾರನೇ ದಿನ, ನಿನ್ನ ಎದುರಿಗೇ, ನರ್ಸು, ಹೊಲಿಗೆ ಎಲ್ಲ ಹೇಳಿದರು. ಅಕ್ಕ ಕೇಳುತ್ತ ಕೇಳುತ್ತ ಕೆಂಪಾದಳು.

"ನನ್ ನಾಲಿಗೆ ಹೋಯ್ತು ಅಂದ್ಕೊಂಡೆ ಕಣ್ರೀ ನಾನು! ನಾಲಿಗೆಯಿಂದ ಶುರುವಾಗಿದೆ, ಇನ್ನು ಒಂದೊಂದೇ ಹೋಗುತ್ತೆ, ಹೀಗೇ ಸ್ವಲ್ಪಸ್ವಲ್ಪವಾಗಿ ಸಾಯೋದು ಅಂದ್ಕೊಂಡು ಆ ಕೋಣೇಲಿ ಒಬ್ಳೇ ಕೂತಿದ್ದೆ! ಉಪ್ಪು ಹಾಕಿಲ್ಲ ಅಂತ ಒಂದ್ ಮಾತು, ಒಂದೇ ಒಂದ್ ಮಾತು ಹೇಳೋಕೆ ನಿಮಗೆ ಯಾರ ಅಪ್ಪಣೆ ಬೇಕಾಗಿತ್ತು?"

"ಅದೇ ನಾನೂ ಕೇಳಿದ್ದು ಅಕ್ಕಾ," ಎಂದು ಪರದೆ ಚಿಕ್ಕಮ್ಮ ಮುಂದೆ ಬಂದಳು. "ಬೈ, ಚೆನ್ನಾಗಿ ಬೈ. ನಾನು ಎಷ್ಟು ಬಿಡಿಸಿ ಹೇಳಿದ್ದೆ..."

"ನೀನು ಬಾಯಿ ಮುಚ್ಚು!"

ಅಕ್ಕ ಖಾಲಿ ಲೋಟವನ್ನು ತಂಗಿಯತ್ತ ಚಾಚಿದಳು.

"ದಿನಾ ಫೋನ್ ಮಾಡ್ತೀಯ. ತಿಂದ್ಯಾ ತಿಂದ್ಯಾ ತಿಂದ್ಯಾ. ಕರುವಿಗೆ ಮೇವು ಹಾಕಿ ಬಂದೋರು ಕೇಳ್ದಂಗೆ. ಹೇಗಿತ್ತು ಅಕ್ಕಾ ಅಂತ ಒಂದ್ ದಿನ ಕೇಳಿದ್ಯಾ? ಕೇಳಿದ್ದಿದ್ರೆ ಹೇಳ್ತಿರ್ಲಿಲ್ವಾ ನಾನು? ಸಪ್ಪೆ ಕಣೇ, ನೀರು ಕುಡಿದಂಗೆ ಕಣೇ ಅಂತ ಅಂದಿರ್ತಿರ್ಲಿಲ್ವಾ?"

ಬೀದಿಯಲ್ಲಿ, ಬಸ್ಸಿನಲ್ಲಿ, ಅಂಗಡಿಯಲ್ಲಿ ಯಾರ ಮಾತಿಗೂ ಎದುರು ಮಾತಿಲ್ಲದೆ ನಿಂತವಳಲ್ಲ ಪರದೆ ಚಿಕ್ಕಮ್ಮ. ಆದರೆ ಹೌದು, ಕೇಳಿರಲಿಲ್ಲ. ತನ್ನ ಸೂಪು ಹೇಗಿತ್ತು ಎಂದು ಯಾರನ್ನಾದರೂ ಕೇಳಬೇಕು ಎಂದೇ ಅವಳಿಗೆ ಅನಿಸಿರಲಿಲ್ಲ.

ಅಕ್ಕ ಅವರಿಬ್ಬರ ನಡುವೆಯೇ ನುಗ್ಗಿ ಅಡಿಗೆಮನೆಗೆ ಹೋದಳು. ಪಾತ್ರೆಯಲ್ಲಿ ಉಳಿದದ್ದನ್ನು ತಾನೇ ಬಗ್ಗಿಸಿಕೊಂಡು, ಬಾಗಿಲು ಹಾಕಿಕೊಳ್ಳದೆ, ಊಟದ ಮೇಜಿನ ಮುಂದೆ ಇಬ್ಬರಿಗೂ ಎದುರಾಗಿ ಕೂತಳು. ತುಟಿಯ ಬದಿಯಿಂದ ಸೂಪು ಇಳಿದು ಗದ್ದದ ಮೇಲೆ, ಅಲ್ಲಿಂದ ಶಾಲಿನ ಮೇಲೆ ಬೀಳುತ್ತಿತ್ತು. ಭಾವ ಒರೆಸುವ ಬಟ್ಟೆ ಹಿಡಿದು ಹತ್ತಿರ ಬಂದರು. ಅವರ ಕೈಯನ್ನು ಆಚೆ ತಳ್ಳಿದಳು.

ಪರದೆ ಚಿಕ್ಕಮ್ಮ ಎದುರಿನ ಕುರ್ಚಿಯ ತುದಿಯಲ್ಲಿ ಕೂತಳು. ಚಿಕ್ಕ ದನಿಯಲ್ಲಿ ಕೇಳಿದಳು.

"ಹೇಗಿದೆ ಅಕ್ಕಾ?"

"ಉಪ್ಪು ಸಾಲದು," ಎಂದಳು ಅಕ್ಕ ಬಾಯಿ ತುಂಬ ಸೂಪಿಟ್ಟುಕೊಂಡೇ. "ನಿಂಗೆ ಮೊದ್ಲಿಂದ್ಲೂ ಉಪ್ಪಿನ ಅಂದಾಜಿಲ್ಲ. ಆ ಡಬ್ಬಿ ಈ ಕಡೆ ತಳ್ಳು."